ಗುಂಡಿ

ಬೆಳಗಿನ ಐದಕ್ಕೆ ನನ್ನ ತಮ್ಮನ ಗಂಟಲು
ಮ್ಯಾನೆನ್‌ಬರ್ಗಿನ ಬೀದಿಗಿಂತ ಮೊದಲು ಏಳುತ್ತದೆ.
ಬಿಳಿ ವ್ಯಾನಿನ ಬಾಗಿಲಿಂದ ಅರ್ಧ ಮೈ ಹೊರಗೆ ಚಾಚಿ
'ಮೌಬ್ರೀ, ಕೇಪ್‌ಟೌನ್! ಒಂದು ಸೀಟು ಅಕ್ಕಾ, ಒಂದೇ ಒಂದು!'
ಒಂದು ಸೀಟಲ್ಲಿ ನಾಲ್ವರನ್ನು ಕೂರಿಸುವ ವಿದ್ಯೆ ಅದು.
ಒಂದು ಸಾಲಲ್ಲಿ ನಾಲ್ಕು ಸಾವು ಕೂರಿಸುವುದನ್ನೂ
ಅಲ್ಲೇ ಕಲಿತ ಅಂತ ನನ್ನ ಗುಮಾನಿ.

ಕ್ವಿಂಟನ್ ಅಂತ ಹೆಸರಿಟ್ಟದ್ದು ಅಪ್ಪ.
ಹಿಂದಿನ ಸೀಟಿನವರು ಕರೆಯುವುದು 'ಚಿಲ್ಲರೆ'.
ಬಾಯಲ್ಲಿ ಪದ, ಬೆರಳ ಸಂದಿಯಲ್ಲಿ ನಾಣ್ಯ,
ಲೆಕ್ಕ ಎರಡರದ್ದೂ ತಪ್ಪಿದ್ದಿಲ್ಲ.

ನಾನು ಸಾಲ್ಟ್ ರಿವರಿನ ಕಾರ್ಖಾನೆಯಲ್ಲಿ
ಶಾಲೆಯಂಗಿಗಳಿಗೆ ಗುಂಡಿ ಹಾಕುವವಳು.
ಅಂಗಿಗೆ ಏಳು, ಒಳಮಡಿಕೆಯಲ್ಲಿ ಇನ್ನೊಂದು,
ಉದುರಿದರೆ ಇರಲಿ ಅಂತ.
ನಮ್ಮ ಬೀದಿಯ ಹುಡುಗರಿಗೆ ಹಾಗೆ ಒಂದು ಹೆಚ್ಚಿಗೆ
ಯಾರೂ ಹೊಲಿದಿಟ್ಟಿಲ್ಲ.

ಪೇಟೆಯಿಂದ ಒಬ್ಬ ಬಂದಿದ್ದ, ಕೊರಳಲ್ಲಿ ಹೆಡ್‌ಫೋನು.
ತಮ್ಮನ ರ‍್ಯಾಪು ಕೇಳಿ, ಕಣ್ಣು ಮುಚ್ಚಿ ತಲೆದೂಗಿ,
'ಚೆನ್ನಾಗಿದೆ. ಇನ್ನೊಂಚೂರು ಗುಂಡು ಹಾಕು' ಅಂದ,
ಉಪ್ಪು ಹಾಕು ಅಂದ ಹಾಗೆ.
ಕ್ವಿಂಟನ್ ಹಾಕಿದ.
ಪಕ್ಕದ ಬ್ಲಾಕಿನ ರೋಶೀನಳ ಮಗನನ್ನು ಎರಡನೇ ಸಾಲಿಗೆ,
ಅವನ ಬೂಟನ್ನು ಮೂರನೆಯದಕ್ಕೆ.
ಬ್ರೆಡ್ ತರಲು ಹೋಗಿದ್ದ ಎಂಬುದು ತಾಳಕ್ಕೆ ಕೂರಲಿಲ್ಲ,
ಬಿಟ್ಟ.

ಬಿಟ್ಟದ್ದು ಇನ್ನೂ ಇದೆ.
ಜಾಲರಿಯ ಸಂದಿಯಲ್ಲಿ ತೂರಿಸಿ ಅರ್ಧ ಬ್ರೆಡ್ ಮಾರುವ ಅಂಗಡಿ.
ಗಾಳಿಗೆ ಹಾರಿ ಯಾರದೋ ಅಂಗಳಕ್ಕೆ ಬಿದ್ದ ನಮ್ಮ ಲಂಗ
ಮರುದಿನ ಮಡಿಕೆ ಹಾಕಿಸಿಕೊಂಡು ಮನೆಗೆ ಬಂದದ್ದು.
ಟೀಚರ್ ಕಲಿಸುವ ಮೊದಲ ಪಾಠ:
ಬೆಂಚಿನ ಕೆಳಗೆ ಬೋರಲು ಮಲಗುವುದು ಹೇಗೆ.
ನಮ್ಮ ಟೇಶ್ನಾ ಅದರಲ್ಲಿ ತರಗತಿಗೇ ಫಸ್ಟು.

'ಇದನ್ನೆಲ್ಲ ಯಾಕೋ ಹಾಕಲ್ಲ?'
ನಕ್ಕ. 'ಗುಂಡಿಗೆ ಯಾರಕ್ಕಾ ದುಡ್ಡು ಕೊಡ್ತಾರೆ?'
ಗುಂಡಿಗೋ, ಗುಂಡಿಗೆಗೋ,
ಸರಿಯಾಗಿ ಕೇಳಿಸಲಿಲ್ಲ.
ಹೊರಗೆ ಶುರುವಾಗಿತ್ತು.

ಅಮ್ಮ ದೀಪ ಆರಿಸಿದಳು.
ಟೇಶ್ನಾ ತಾನೇ ಎದ್ದು, ದಿಂಬು ಕಂಕುಳಲ್ಲಿಟ್ಟು,
ಬಚ್ಚಲಿನ ಕಬ್ಬಿಣದ ತೊಟ್ಟಿಗೆ ಇಳಿದಳು.
ಈ ಮನೆಯಲ್ಲಿ ಗುಂಡು ತೂರದ್ದು ಅದೊಂದೇ.
ನಿದ್ದೆಯಲ್ಲಿ ಮುಖಕ್ಕೆ ಹನಿ ಬೀಳದಿರಲೆಂದು
ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿದ್ದೇವೆ.

ಕ್ವಿಂಟನ್ ತೊಟ್ಟಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತ.
ಮೈಕಿಲ್ಲ, ಬೀಟಿಲ್ಲ, ಪಿಸುಮಾತಲ್ಲಿ
'ಮೌಬ್ರೀ, ಕೇಪ್‌ಟೌನ್, ಒಂದು ಸೀಟು ಪುಟ್ಟೀ'
ಅಂತ ಶುರುಮಾಡಿ ಒಬ್ಬೊಬ್ಬರನ್ನೇ ಹತ್ತಿಸಿಕೊಂಡ:
ಮೀನಿನ ಬಕೆಟ್ಟಿನ ಮುದುಕಿ,
ರಾತ್ರಿಪಾಳಿ ಮುಗಿಸಿ ತೂಕಡಿಸುವ ನರ್ಸು,
ಬ್ರೆಡ್ ಹಿಡಿದುಕೊಂಡ ರೋಶೀನಳ ಮಗ.
'ಸರಿದು ಕೂತ್ಕೊಳ್ಳಿ, ಸರಿದು ಕೂತ್ಕೊಳ್ಳಿ,
ಅವನಿಗೂ ಜಾಗ ಇದೆ.'

ಪ್ರಾಸ ಬರುವ ಮೊದಲೇ ಅವಳಿಗೆ ನಿದ್ದೆ ಬಂತು.
ಅವನು ನಿಲ್ಲಿಸಲಿಲ್ಲ.
ಕತ್ತಲಲ್ಲಿ ಅವನ ಅಂಗಿ ಸವರಿ ನೋಡಿದೆ.
ಮೇಲಿನಿಂದ ಎರಡನೆಯದು
ಇರಲಿಲ್ಲ.