ಎಷ್ಟು ಮಡಚುತ್ತದೆ

ಮೊಣಕಾಲ ಪಕ್ಕ ಹಿಡಿದು ಅಳೆಯುವ ಪ್ಲಾಸ್ಟಿಕ್ ಕೋನಮಾಪಕ,
ಬಳ್ಳಾರಿಯಲ್ಲಿ ಓದುವಾಗ ಕೊಂಡದ್ದು.
ಅಂಕಿಗಳು ಅರ್ಧ ಅಳಿಸಿವೆ. ಇರಲಿ,
ನನಗೆ ಬಾಯಿಪಾಠ:

ಅರವತ್ತಾದರೆ ಮಂಚದಿಂದ ಕಾಲು ಇಳಿಬಿಡಬಹುದು.
ತೊಂಬತ್ತಕ್ಕೆ ಕುರ್ಚಿ.
ನೂರಕ್ಕೆ ಮೆಟ್ಟಿಲು; ಕನಕಗಿರಿ ಬಸ್ಸಿನ ಮೆಟ್ಟಿಲಾದರೆ
ಇನ್ನೂ ಹತ್ತು ಸೇರಿಸಿ.
ನೂರಾ ಮೂವತ್ತು ದಾಟಿದವರು
ನೆಲಕ್ಕೆ ಕೂತು ರೊಟ್ಟಿ ಬಡಿಯಬಹುದು.

ಈ ಕೊನೆಯ ಸಾಲು ಪುಸ್ತಕದಲ್ಲಿಲ್ಲ.
ಚಿಪ್ಪು ಒಡೆದು, ತಂತಿ ಹಾಕಿಸಿಕೊಂಡು ಮಲಗಿದ್ದ
ಕಾರಟಗಿಯ ಈರಮ್ಮ ಹೇಳಿದ್ದು:
"ಕುರ್ಚಿ ತಗೊಂಡು ಏನ್ ಮಾಡ್ಲಿ ಯವ್ವಾ,
ಒಲಿ ಕುರ್ಚಿ ಏರಂಗಿಲ್ಲ."

*

"ಬಿಪಿಟಿ ಅಂದ್ರ ಡಾಕ್ಟ್ರಾ?" ಸೋದರಮಾವ ಕೇಳಿದ.
ಅಲ್ಲ.
"ನರ್ಸಾ?"
ಅಲ್ಲ ಮಾವ.
"ಹಂಗಾರ ಮಾಲೀಸು" ಅಂತ ತಾನೇ ತೀರ್ಮಾನಿಸಿ
ಎಲೆಗೆ ಸುಣ್ಣ ಸವರಿದ.
ಮರುವಾರ ಸೊಂಟ ಹಿಡಿದುಕೊಂಡು ಬಂದ.
ಫೀಸು ಕೊಡಲಿಲ್ಲ. ಎಲೆ ಅಡಿಕೆ ಕೊಟ್ಟ.

*

ನಾವು ಒಟ್ಟಿಗೆ ಓದಿದ್ದು ಮೂವತ್ತೆರಡು ಜನ.
ವೀರಭದ್ರ ಕಬಡ್ಡಿ ತಂಡದ ಜೊತೆ ಊರೂರು ಸುತ್ತುತ್ತಾನೆ,
ಕೈಯಲ್ಲಿ ಐಸಿನ ಚೀಲ.
ಟೀವಿಯಲ್ಲಿ ಒಮ್ಮೆ ಹನ್ನೊಂದು ಸೆಕೆಂಡು ಬಂದ;
ಅವನ ತಾಯಿ ಬೆನ್ನು ನೋಡಿಯೇ ಗುರುತಿಸಿದಳಂತೆ.
ಸುಮಂಗಲಾ ಐಸಿಯುನಲ್ಲಿ. ಅಂಗೈ ಬಟ್ಟಲು ಮಾಡಿ
ಎದೆಗೂಡು ತಟ್ಟಿ ತಟ್ಟಿ ಕಫ ಸಡಿಲಿಸುತ್ತಾಳೆ;
ಪಾಳಿ ಮುಗಿಸಿ ಮಲಗಿದರೂ
ಕೈ ದಿಂಬಿನ ಮೇಲೆ ತಾಳ ಹಾಕುತ್ತಲೇ ಇರುತ್ತದಂತೆ.
ತಬಸ್ಸುಮ್ ಮಕ್ಕಳ ವಿಭಾಗ ಹಿಡಿದಳು, ರಾಯಚೂರಿನಲ್ಲಿ.
ಒಂದು ಕತ್ತು ನಿಲ್ಲಿಸಲು ಹದಿನಾಲ್ಕು ತಿಂಗಳು.
ನಾಲ್ಕು ವರ್ಷ ಬರೀ ಫ್ಯಾನು ನೋಡಿದ್ದ ಹುಡುಗ
ಅವತ್ತು ಬಾಗಿಲು ನೋಡಿದ.
ಫೋನಿನಲ್ಲಿ ಇಷ್ಟು ಹೇಳಿ ಸುಮ್ಮನಾದಳು.
ನಾನೂ.

ನನ್ನದು ಆಸ್ಪತ್ರೆಯ ಗುತ್ತಿಗೆ, ಹನ್ನೊಂದು ತಿಂಗಳು.
ಹನ್ನೆರಡನೆಯದು ಕ್ಯಾಲೆಂಡರಿನಲ್ಲಿದೆ,
ಹಾಜರಿ ಪುಸ್ತಕದಲ್ಲಿಲ್ಲ.

*

ಈಗ ಬ್ಯಾಗಿನಲ್ಲಿ ಒಂದು ಅರ್ಜಿ.
ತೋರಣಗಲ್ಲಿನ ಕಡೆ ಉಕ್ಕಿನ ಕಾರ್ಖಾನೆ; ಸಂಬಳ, ಕ್ವಾರ್ಟರ್ಸು,
ನೋವು ಬರುವ ಮುಂಚೆಯೇ ಹೋಗಿ ನಿಲ್ಲುವ ಕೆಲಸ.
ಕೆಟ್ಟದ್ದೇನಲ್ಲ. ಶುಕ್ರವಾರ ಕೊನೆಯ ದಿನ.

ಅಷ್ಟರಲ್ಲಿ ಗಂಗಾವತಿಯ ಅಕ್ಕಿ ಮಿಲ್ಲಿನ ಹಮಾಲ ಹುಲಿಗೆಪ್ಪ
ಗೋಡೆ ಹಿಡಿದು ಹಿಡಿದು ನನ್ನ ಹತ್ತಿರ ಬಂದ.
"ಬಗ್ಗಬೇಡ" ಅಂದೆ.
"ಬಗ್ಗದ ಚೀಲ ಹೆಂಗ ಹತ್ತತೈತ್ರಿ ಬೆನ್ನಿಗೆ?"
ಉತ್ತರ ಇರಲಿಲ್ಲ.
ನಸುಕಿಗೆ ಸ್ಕೂಟಿ ಹತ್ತಿ ನೋಡಲು ಹೋದೆ.

ತೌಡಿನ ಧೂಳಲ್ಲಿ ಇಪ್ಪತ್ತು ಬೆನ್ನು ಸಾಲಾಗಿ;
ಕೊಕ್ಕೆ ಕಚ್ಚುವ ಸದ್ದು, "ಹೂಂ" ಎನ್ನುವ ಉಸಿರು.
ಭಾರ ಏರುವ ಗಳಿಗೆಗೆ ಸರಿಯಾಗಿ ಉಸಿರು ಬಿಡುವುದನ್ನು
ನನಗೆ ಎರಡನೇ ವರ್ಷ ಕಲಿಸಿದರು, ಪರೀಕ್ಷೆಗೂ ಬಂದಿತ್ತು.
ಇವರಿಗೆ ಯಾರೂ ಕಲಿಸಿಲ್ಲ.
ತಪ್ಪಿದ್ದು ಅವರ ಬೆನ್ನಲ್ಲ,
ಚೀಲ ಇಳಿಸುವ ಕಟ್ಟೆ: ಒಂದು ಗೇಣು ತಗ್ಗು.
ಎರಡು ಸಾಲು ಇಟ್ಟಿಗೆ ಏರಿಸಿದರು.
ಆ ದಿನದ ಚಿಕಿತ್ಸೆ ಅಷ್ಟೇ.

ತಲೆಗೆ ಹತ್ತು ರೂಪಾಯಿ ಕೂಡಿಸಿ
"ಸ್ವಾಮಾರಕ್ಕೊಮ್ಮೆ ಬರ್ರಿ ಮೇಡಂ" ಅಂದರು.
ಇಪ್ಪತ್ತು ತಲೆ, ಇನ್ನೂರು ರೂಪಾಯಿ,
ಪೆಟ್ರೋಲು ಅದರಲ್ಲೇ.
ಈ ಹುದ್ದೆಗೆ ಇನ್ನೂ ಹೆಸರಿಟ್ಟಿಲ್ಲ ಯಾರೂ.

*

ಇವತ್ತು ಗುರುವಾರ.
ಅರ್ಜಿಯಲ್ಲಿ "ಅನುಭವ" ಎಂಬಲ್ಲಿ
ಹನ್ನೊಂದು ತಿಂಗಳು ಎಂದು ಬರೆದು ಪೆನ್ನು ನಿಂತಿದೆ;
ಇಟ್ಟಿಗೆಗಳನ್ನು ಯಾವ ಖಾನೆಯಲ್ಲಿ ತುಂಬುವುದು?

ಈರಮ್ಮನ ಮಗಳು ಪೇಪರಿನಲ್ಲಿ ಸುತ್ತಿದ
ನಾಲ್ಕು ರೊಟ್ಟಿ ಮೇಜಿನ ಮೇಲಿಟ್ಟಳು.
"ಅವ್ವ ಇವತ್ತು ತಾನ ಕುಂತು ಬಡದಾಳ್ರಿ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.
ಒಂದು ಕಡೆ ಅಂಚು ತುಸು ದಪ್ಪ.
ಎಡಗಾಲು,
ಇನ್ನೂ ಎಂಟು ಡಿಗ್ರಿ ಬಾಕಿ.