ನೂರಕ್ಕೆ ಅರ್ಧ ಕಡಿಮೆ

ಮಾಲೂರಿನ ಕೈಗಾರಿಕಾ ಪ್ರದೇಶ, ರಾತ್ರಿ ಪಾಳಿ.
ಹೊರಗೆ ಹೆಂಚಿನ ಗೂಡುಗಳ ಹೊಗೆ,
ಒಳಗೆ ಎಸಿಯ ಥಂಡಿ, ಪಂಪಿನ ಟಿಕ್ ಟಿಕ್.
ನಲವತ್ತು ಡಿಗ್ರಿ ಸೆಕೆ, ಎಪ್ಪತ್ತೈದು ಪಾಲು ತೇವದ ಬೀರುವಿನಲ್ಲಿ
ಆರು ತಿಂಗಳು ಕೂತಿದ್ದ ಮಾತ್ರೆಗಳು
ಬಾಣಂತಿಯರ ಹಾಗೆ ಮೆಲ್ಲಗೆ ಈಚೆ ಬರುತ್ತವೆ.

ಇಪ್ಪತ್ತು ಮಾತ್ರೆ ತೂಗು. ಅರೆ. ಕರಗಿಸು. ಸೋಸು.
ಒಂದು ಹನಿಯ ಐದನೇ ಒಂದು ಪಾಲು ಸೂಜಿಗೆ ಕೊಡು.
ಕೊಳವೆಯೊಳಗೆ ಎಲ್ಲರೂ ಒಟ್ಟಿಗೇ ಹೊರಟರೂ
ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಲುಪುತ್ತಾರೆ,
ಬಂಗಾರಪೇಟೆ ಪ್ಯಾಸೆಂಜರಿನಿಂದ ಇಳಿದವರು ಗೇಟು ದಾಟುವ ಹಾಗೆ.
ಮೊದಲು ಆಸ್ಪಿರಿನ್, ಪರದೆ ತುಂಬ ಬೆಟ್ಟ.
ಆಮೇಲೆ ಸುಮಾರು ಹೊತ್ತು ಏನೂ ಇಲ್ಲ, ಬರೀ ಗೆರೆ.
ಆಮೇಲೆ ಗುಬ್ಬಿ ಕೂತಷ್ಟು ಒಂದು ಉಬ್ಬು:
ಸ್ಯಾಲಿಸಿಲಿಕ್ ಆಮ್ಲ.
ಅದೇ ಮಾತ್ರೆ, ತೇವ ಕುಡಿದು ಮುರಿದದ್ದು.

"ಆ ಗೆರೆ ಒಂಚೂರು ಮೇಲಕ್ಕೆ ಎಳೆಯಮ್ಮ, ಉಬ್ಬು ತಗ್ಗುತ್ತೆ"
ಅನ್ನುತ್ತಿದ್ದರು ಹಳೇ ಮ್ಯಾನೇಜರು. ಈಗ ಹಾಗೆಲ್ಲ ಆಗಲ್ಲ,
ಕಂಪ್ಯೂಟರು ಪ್ರತಿ ಎಳೆತವನ್ನೂ ನೆನಪಿಟ್ಟುಕೊಳ್ಳುತ್ತೆ,
ಹೆಸರು, ಗಂಟೆ, ನಿಮಿಷ ಸಮೇತ.
ಆದರೂ ಮೌಸಿನ ಮೇಲಿನ ಬೆರಳಿಗೆ ಒಂದು ತುರಿಕೆ ಇರುತ್ತೆ.
ಇಲ್ಲ ಅನ್ನಲಾರೆ.

ಮನೇಲಿ ನಮ್ಮತ್ತೆ ಮುನಿವೆಂಕಟಮ್ಮ
ಎದೆಗೆಂದು ಬರೆದುಕೊಟ್ಟ ಮಾತ್ರೆಗಳನ್ನೆಲ್ಲ ಹಾಳೆಯಿಂದ ಬಿಡಿಸಿ
ಇಂಗಿನ ಡಬ್ಬಿಗೆ ಸುರಿದು ಒಲೆ ಮೇಲಿನ ಗೂಡಲ್ಲಿಟ್ಟಿದ್ದಾರೆ.
ಕೆಳಗೆ ದಿನಾ ಮುದ್ದೆಗಿಟ್ಟ ಎಸರು ಕುದಿಯುತ್ತೆ.
ಮುಚ್ಚಳ ತೆಗೆದರೆ ಹುಳಿ ವಾಸನೆ.
"ಹುಳಿಯಾದ್ರೆ ಏನಂತೆ, ಉಪ್ಪಿನಕಾಯಿ ತಿನ್ನಲ್ವಾ?"

ಎರಡು ಮಾತ್ರೆ ಟಿಫನ್ ಬಾಕ್ಸಿನ ಸಂದಿಯಲ್ಲಿ ತಂದೆ.
ಇವಕ್ಕೆ ಬ್ಯಾಚ್ ನಂಬರಿಲ್ಲ, ರಿಜಿಸ್ಟರಿನಲ್ಲಿ ಸಾಲಿಲ್ಲ,
ಯಂತ್ರಕ್ಕೆ ಹಾಕಿದರೆ ಕೆಲಸ ಹೋಗುತ್ತೆ.
ಸಿಂಕಿನ ಪಕ್ಕ, ಹಳೇ ಕಾಲದವರ ಹಾಗೆ,
ಬಾಯಿ ಒಡೆದ ಗಾಜಿನ ನಳಿಕೆಯಲ್ಲಿ
ಕಬ್ಬಿಣದ ಲವಣದ ಎರಡು ತೊಟ್ಟು.
ನೇರಳೆ! ಅಂಥಿಂಥ ನೇರಳೆಯಲ್ಲ,
ಜೂನಿನಲ್ಲಿ ಮಕ್ಕಳ ನಾಲಗೆ ಮೇಲಿರುತ್ತಲ್ಲ, ಅದು.
ರುಕ್ಸಾನಾ ನೋಡಿದಳು. ಏನೂ ಕೇಳದೆ ನಲ್ಲಿ ತಿರುಗಿಸಿದಳು.

ನಸುಕಿಗೆ ಲೆಕ್ಕ ಬಂತು.
ಆಸ್ಪಿರಿನ್ ತೊಂಬತ್ತೆಂಟು. ಮುರಿದದ್ದು ಒಂದೂವರೆ.
ಮಿತಿಯೊಳಗೇ ಇದೆ, ಸಹಿ ಹಾಕಬಹುದು.
ಕೂಡಿದರೆ ತೊಂಬತ್ತೊಂಬತ್ತೂವರೆ.
ಹೋದ ವಾರ ಸೇರಿದ ಹುಡುಗ ಚೌಡರೆಡ್ಡಿ ಕೇಳುತ್ತಾನೆ,
ಮೇಡಂ, ಮಿಕ್ಕ ಅರ್ಧ ಎಲ್ಲಿ?

ಅದು ವಿನೆಗರ್ ಆಗಿ ಹೋಯ್ತು ಕಣಪ್ಪ,
ಈ ಯಂತ್ರದ ದೀಪಕ್ಕೆ ಕಾಣಲ್ಲ, ಮೂಗಿಗೆ ಮಾತ್ರ.
ಅವನು ಅದನ್ನೂ ಬರೆದುಕೊಳ್ಳುತ್ತಾನೆ, ಪಾಪ.

ಶಿಫ್ಟ್ ಬಸ್ಸು ಇಳಿಸಿ ಹೋಯಿತು.
ಮೆಡಿಕಲ್ ಶಾಪು ಇನ್ನೂ ತೆರೆದಿಲ್ಲ.
ಮೆಟ್ಟಿಲ ಮೇಲೆ ಕೂತಿದ್ದೇನೆ,
ಹೊಸದೊಂದು ಹಾಳೆ ಬೇಕು. ಅದಕ್ಕಿಂತ ಮೊದಲು
ಅತ್ತೆ ಒಪ್ಪುವಂಥ ಬೇರೆ ಡಬ್ಬಿ.
ಇಂಗಿನ ವಾಸನೆ ಇಲ್ಲದ್ದನ್ನು ಅವರು ಮಾತ್ರೆ ಅನ್ನಲ್ಲ.