ಮೂಗಿನ ನೇರಕ್ಕೆ

ಹಾಲುಕ್ಕಿ ಒಲೆಯ ಮೇಲೆಲ್ಲ ಸೀದು ಕರಿಯಾದ ಸಂಜೆ
ವರ್ಲಿನ್ ಅಲ್ಲೇ ಕೂತಿದ್ದ, ಎರಡು ಮಾರು ದೂರದಲ್ಲಿ,
ಬೂಟಿನ ಲೇಸು ಬಿಚ್ಚುತ್ತ.
ಮಹಡಿಯಿಂದ ಓಡಿ ಬಂದೆ, ತೋಳಲ್ಲಿ ಮೂಗು ಮುಚ್ಚಿ.
'ಏನಾಯ್ತು?' ಅಂದ.

ಆ ಜ್ವರ ಬಂದು ಹೋದಮೇಲೆ ಹೀಗೆ.
ಎರಡು ಚಳಿಗಾಲ ಕಳೆದವು.
ಕಾಫಿ ಬರೀ ಬಿಸಿ, ಸೋಪು ಬರೀ ನುಣುಪು.
ಒಮ್ಮೊಮ್ಮೆ ನನ್ನ ಕುತ್ತಿಗೆಗೆ ಮುಖವಿಟ್ಟು
ತುಂಬ ಹೊತ್ತು ಉಸಿರೆಳೆಯುತ್ತಾನೆ,
ಬೀಗದ ಕೈ ಕಳಕೊಂಡವನು
ಅದೇ ಖಾಲಿ ಜೇಬನ್ನು ಮತ್ತೆ ಮತ್ತೆ ತಡಕಿದ ಹಾಗೆ.
ಠಾಣೆಯಲ್ಲಿ ಹೇಳಿಲ್ಲ. ನಾನೂ ಯಾರಿಗೂ ಹೇಳಿಲ್ಲ.
ಮನೆಸಾಲ ಇನ್ನೂ ಹನ್ನೊಂದು ವರ್ಷ ಇದೆ.

ರಾತ್ರಿ ಅಡುಗೆಮನೆ ಮೇಜಿನ ಮೇಲೆ ಅವನ ಲ್ಯಾಪ್‌ಟಾಪು.
ಕಾಗುಣಿತ ಅವನಿಗೆ ಹತ್ತುವುದಿಲ್ಲ; ವರದಿ ತಿದ್ದುವವಳು ನಾನು.
'ಅನುಮಾನ'ಕ್ಕೆ ಎರಡು ತಪ್ಪು, 'ಪ್ರಯಾಣಿಕ'ನಿಗೆ ಮೂರು.
ಒಂದು ವಾಕ್ಯ ಮಾತ್ರ ಎಂದೂ ತಪ್ಪಿದ್ದಿಲ್ಲ:
ಕಿಟಕಿ ಇಳಿಯುತ್ತಿದ್ದಂತೆ ಒಳಗಿನಿಂದ
ಹಸಿ ಗಾಂಜಾದ ಕಟುವಾಸನೆ ಬಂದುದನ್ನು
ಅನುಭವದಿಂದ ಗುರುತಿಸಿದೆನು.
ಚಾಲಕನ ಬಣ್ಣಕ್ಕೆ ಒಂದು ಚೌಕವಿದೆ, ಗುರುತು ಹಾಕಬೇಕು.
ವಾಸನೆಗೆ ಚೌಕವಿಲ್ಲ. ಹೇಳಿದರಾಯಿತು.
ಹೋದ ಗಾಳಿಯನ್ನು ಸಮನ್ಸು ಕೊಟ್ಟು ಕರೆಸಿ
ಕಟಕಟೆಯಲ್ಲಿ ನಿಲ್ಲಿಸುವವರು ಯಾರು?
ಐದರಲ್ಲಿ ಒಂದು ಸಲ ಡಿಕ್ಕಿಯಲ್ಲಿ ಏನೋ ಸಿಗುತ್ತದೆ,
ಅದು ಕೋರ್ಟಿಗೆ ಹೋಗುತ್ತದೆ, ಮೂಗು ಗೆಲ್ಲುತ್ತದೆ.
ಸಿಗದ ನಾಲ್ಕು ಎಲ್ಲಿಗೂ ಹೋಗುವುದಿಲ್ಲ.

ಗುರುವಾರ ಚರ್ಚಿನ ಪಿಯಾನೊ ಶ್ರುತಿ ಮಾಡಲು ಬರಬೇಕಿದ್ದ
ಎಮೊರಿ ಗೇದರ್ ಎರಡು ಗಂಟೆ ತಡ.
ಪ್ಯಾಂಟಿನ ಮಂಡಿ ಕೆಸರು. ಚೀಲದೊಳಗೆ ಕೆಂಪು ಫೆಲ್ಟು ಒದ್ದೆಮುದ್ದೆ.
ಮನ್ಸಿಯಿಂದ ಬರುವ ರಸ್ತೆ, ಮೆಕ್ಕೆಜೋಳ ಕೊಯ್ದ ಹೊಲದ ಬದಿ;
ಅವನ ತಂತಿ, ಸುತ್ತಿಗೆ, ಊಟದ ಡಬ್ಬಿ,
ಹೆಂಡತಿಯ ಆಸ್ಪತ್ರೆ ಕಾಗದ,
ಎಲ್ಲ ಹುಲ್ಲಿನ ಮೇಲೆ, ತುಂತುರು ಮಳೆಯಲ್ಲಿ.
'ವಾಸನೆ ಬಂತಂತೆ,' ಅಂದ, ಪಿಯಾನೊ ಮುಚ್ಚಳ ತೆಗೆಯುತ್ತ.
'ಇಲ್ಲದ್ದನ್ನು ಇಲ್ಲ ಅಂತ ಹ್ಯಾಗೆ ತೋರಿಸಲಿ?'
ಈ ವರ್ಷ ನಾಲ್ಕನೇ ಸಲವಂತೆ.
ಪೊಲೀಸಿನವನು ಸಭ್ಯನಂತೆ, ಕೊನೆಗೆ ಥ್ಯಾಂಕ್ಸ್ ಅಂದನಂತೆ.
ಹೆಸರು ಅವನು ಹೇಳಲಿಲ್ಲ. ನಾನು ಕೇಳಲಿಲ್ಲ.
ನಡುವಿನ ಒಂದು ಮನೆಯನ್ನು ಒತ್ತಿದ,
ಶ್ರುತಿಕವೆ ತಟ್ಟಿ ನನ್ನ ಕಿವಿಯ ಹತ್ತಿರ ಹಿಡಿದ.
'ಒಂಚೂರು ಇಳಿದಿದೆ, ಅಲ್ವಾ?'
ಹೌದು. ನನಗೂ ಕೇಳಿತು.

ಹೋಗುವಾಗ ಫೆಲ್ಟಿನ ಒಂದು ಪಟ್ಟಿ ಬೆಂಚಿನ ಮೇಲೆ ಬಿಟ್ಟುಹೋದ.
ಮೂಸಿದೆ: ನೆಂದ ಉಣ್ಣೆ, ಯಂತ್ರದ ಎಣ್ಣೆ,
ಎಲ್ಲೋ ತಳದಲ್ಲಿ ಪೆಪ್ಪರ್‌ಮಿಂಟು.
ಇನ್ನೊಮ್ಮೆ ಮೂಸಿದೆ. ಅಷ್ಟೇ.

ಆ ರಾತ್ರಿ ತಿದ್ದಲು ವರದಿಯಿರಲಿಲ್ಲ.
'ಇವತ್ತು ಏನೂ ಇಲ್ಲ, ಬರೀ ಮಳೆ,' ಅಂದ ವರ್ಲಿನ್.
ಅಂಗೈಯಲ್ಲಿ ಪಟ್ಟಿ ಮರೆಮಾಡಿ ಅವನ ಮೂಗಿಗೆ ಹಿಡಿದೆ.
ಕಣ್ಣು ಮುಚ್ಚಿದ. ಎದೆ ತುಂಬ ಎಳೆದುಕೊಂಡ.
'ಲ್ಯಾವೆಂಡರ್,' ಅಂದ,
ಬೈಬಲ್ ಮೇಲೆ ಕೈಯಿಟ್ಟವನ ದನಿಯಲ್ಲಿ,
'ನಿನ್ನದೇ.'

ನಾನು ತಿದ್ದಲಿಲ್ಲ.